ಯಾವ ನೀರಿಗೆ ಯಾವ ದೋಣಿ?

ಕಳೆದ ಬೇಸಗೆಯ ಒಂದು ಸಂಜೆ ಬಂಟ್ವಾಳದ ನನ್ನ ಮನೆಗೆ ನಾಲ್ಕಾರು ಮಂದಿ ತರುಣರು ಬಂದರು. ಅವರಲ್ಲಿ ಇಬ್ಬರು ಹಿಂದೆ ನನ್ನ ತರಗತಿಯಲ್ಲಿ ಕುಳಿತು ಪಂಪ ರನ್ನರನ್ನು ಓದಿದವರು. 2019ರ ಆಗಸ್ಟ್ ತಿಂಗಳಲ್ಲಿ ನೇತ್ರಾವತಿ ಉಕ್ಕಿ ಬಂದಾಗ ತಗ್ಗಿನ ಮನೆಗಳವರನ್ನು ಹೊರತರಲು ಸಕಾಲಕ್ಕೆ ದೋಣಿ ದೊರೆಯದೆ ಪರದಾಡಿದ ನೆನಪು ಅವರಿಗೆ ಮಾಸಿರಲಿಲ್ಲ. ಊರವರಿಂದ ಹಣ ಕೂಡಿಸಿ ಒಂದು ಸಣ್ಣ ಅಲ್ಯೂಮಿನಿಯಂ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನನ್ನೂ ಕೊಳ್ಳುವುದೆಂದು ನಿಶ್ಚಯಿಸಿದ್ದರು. ಎರಡು ದೋಣಿಗಳ ಚಿತ್ರಗಳನ್ನು ನನ್ನ ಮುಂದಿಟ್ಟು, “ಸಾರ್, ಇವೆರಡರಲ್ಲಿ ಯಾವುದಾದೀತು?” ಎಂದು ಕೇಳಿದರು.

ನನಗೆ ನಗು ಬಂತು. ಹಳಗನ್ನಡದ ಮೇಷ್ಟ್ರಿಗೆ ದೋಣಿಯ ವ್ಯಾಪಾರವೇನು ತಿಳಿದೀತು ಎಂದೆ. “ನೀವು ಎಪ್ಪತ್ತನಾಲ್ಕರ ನೆರೆಯನ್ನು ಕಂಡವರಲ್ಲವೇ ಸಾರ್?” ಎಂದು ಅವರಲ್ಲೊಬ್ಬನು ಹೇಳಿದಾಗ ನನ್ನ ನಗು ನಿಂತಿತು.

ಒಂದು ದೋಣಿಯ ತಳ ಮಣೆಯಂತೆ ಚಪ್ಪಟೆ. ಇನ್ನೊಂದರದು ನೇಗಿಲ ಗುಳದಂತೆ ನಡುವೆ ಚೂಪು. ಚಪ್ಪಟೆ ತಳದ್ದು ಮೊಣಕಾಲು ಮುಳುಗದ ನೀರಿನಲ್ಲಿಯೂ ತೇಲುತ್ತದೆ. ಆದರೆ ಅಲೆ ಎದ್ದಾಗ ತಳಕ್ಕೆ ಅಪ್ಪಳಿಸುವ ನೀರಿನಿಂದ ಮೈಯೆಲ್ಲ ನಡುಗುತ್ತದೆ. ಚೂಪು ತಳದ್ದು ಅಲೆಯನ್ನು ಸೀಳಿಕೊಂಡು ನೇರವಾಗಿ ಓಡುತ್ತದೆ. ಆದರೆ ಅದಕ್ಕೆ ಆಳವಾದ ನೀರು ಬೇಕು, ಅದರಲ್ಲಿ ನಿಂತವನು ಅತ್ತಿತ್ತ ಸರಿದರೆ ಓಲಾಡುತ್ತದೆ. ಎರಡನೆಯ ಭೇದ ಮೈಕಟ್ಟಿನದು. ತೆಳುವಾದ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ್ದು ಒಂದು, ದಪ್ಪ ತಗಡನ್ನು ವೆಲ್ಡ್ ಮಾಡಿದ್ದು ಇನ್ನೊಂದು. ಮೊದಲನೆಯದನ್ನು ನಾಲ್ವರು ಎತ್ತಿಕೊಂಡು ಬೀದಿಯುದ್ದಕ್ಕೂ ಸಾಗಬಹುದು. ವರ್ಷಗಳು ಕಳೆದಂತೆ ಅದರ ರಿವೆಟ್ಟುಗಳ ಬುಡದಲ್ಲಿ ನೀರು ಜಿನುಗತೊಡಗುತ್ತದೆ. ಎರಡನೆಯದು ಗಟ್ಟಿ, ಆದರೆ ಭಾರ. ತರುಣರಲ್ಲಿ ಹೆಚ್ಚಿನವರ ಮನಸ್ಸು ದೊಡ್ಡ ಇಂಜಿನು ಹೊರಬಲ್ಲ ಚೂಪು ತಳದ ದೋಣಿಯ ಮೇಲಿತ್ತು. ಯೋಚಿಸಿ ಹೇಳುತ್ತೇನೆಂದು ಅವರನ್ನು ಕಳುಹಿಸಿದೆ.

ಯೋಚಿಸುತ್ತ ಹೋದಂತೆ ಇದು ಹೊಸ ಪ್ರಶ್ನೆಯಲ್ಲ, ನಮ್ಮ ಹಿರಿಯರು ಶತಮಾನಗಳ ಕಾಲ ಉತ್ತರಿಸುತ್ತ ಬಂದ ಪ್ರಶ್ನೆಯೆಂದು ತೋರಿತು. ಶಬ್ದಗಳನ್ನೇ ನೋಡಿ. ತುಳುವರ ಬಾಯಲ್ಲಿ ದೋಣಿಗೆ ಇಂದಿಗೂ ‘ಓಡ’ ಎಂಬ ಹೆಸರುಂಟು. ಹಳಗನ್ನಡದಲ್ಲಿಯೂ ಅದೇ ಶಬ್ದ. ‘ದೋಣಿ’ ಎಂದರೆ ನೀರಿನ ಮೇಲಿನ ವಾಹನವೂ ಹೌದು, ದನಗಳಿಗೆ ನೀರು ಹೊಯ್ಯುವ ತೊಟ್ಟಿಯೂ ಹೌದು. ಮರದ ದಿಮ್ಮಿಯನ್ನು ಕೊರೆದು ಟೊಳ್ಳು ಮಾಡಿದ ಆದಿಕಾಲದ ಕೆಲಸ ಆ ಮಾತಿನಲ್ಲಿ ಉಳಿದಿದೆ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ್ದಕ್ಕೆ ನಮ್ಮ ಕಡೆ ‘ಜಂಗಲ್’ ಎನ್ನುತ್ತಾರೆ. ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥದಲ್ಲಿ, ಭಾರತದ ಕರಾವಳಿಯಲ್ಲಿ ಮರದ ದಿಮ್ಮಿಗಳ ದೋಣಿಗಳನ್ನು ಒಂದಕ್ಕೊಂದು ಬಿಗಿದು ನಡೆಸುತ್ತಿದ್ದರೆಂದೂ ಅವುಗಳಿಗೆ ‘ಸಂಗರ’ ಎಂಬ ಹೆಸರೆಂದೂ ಹೇಳಿದೆ. ನಮ್ಮ ಜಂಗಲ್, ಮಲೆಯಾಳದ ಚಂಗಾಡ, ಪೋರ್ಚುಗೀಸರ ಜಂಗಡ ಎಲ್ಲವೂ ಆ ಬಳಗಕ್ಕೆ ಸೇರಿದವೆಂದು ವಿದ್ವಾಂಸರು ಎಣಿಸುತ್ತಾರೆ.

ಇನ್ನು ನದಿಯ ಮಾತು. ಪಶ್ಚಿಮ ಘಟ್ಟದಿಂದ ಇಳಿಯುವ ನೇತ್ರಾವತಿ ಬೆಳ್ತಂಗಡಿ ಸೀಮೆಯ ಹೊಳೆಗಳನ್ನು ಕೂಡಿಕೊಂಡು, ಧರ್ಮಸ್ಥಳವನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಬೆರೆಸಿಕೊಂಡು, ಬಂಟ್ವಾಳ ಪಾಣೆಮಂಗಳೂರುಗಳ ನಡುವೆ ಅಗಲವಾಗಿ ಹರಿದು ಮಂಗಳೂರಿನ ಅಳಿವೆಯನ್ನು ಸೇರುತ್ತದೆ. ಹೆಸರೊಂದೇ ಆದರೂ ನೀರು ಒಂದೇ ಅಲ್ಲ. ಆದುದರಿಂದ ಹಿರಿಯರು ಇಡೀ ನದಿಗೆ ಒಂದೇ ದೋಣಿಯನ್ನು ಆರಿಸಲಿಲ್ಲ. ಅಳಿವೆಯಿಂದಾಚೆಗೆ ಸಮುದ್ರದ ಮೇಲೆ ಹಾಯಿಯ ಮಂಜಿಗಳು. ಮಂಗಳೂರಿನಿಂದ ಬಂಟ್ವಾಳದವರೆಗೆ ಅಗಲ ತಳದ ಸರಕಿನ ದೋಣಿಗಳು. ಅದರಿಂದ ಮೇಲಕ್ಕೆ ಸಣ್ಣ ದೋಣಿಗಳು. ಕಡವುಗಳಲ್ಲಿ ಒಂಟಿಮರದ ಪಾತಿ ಅಥವಾ ಜಂಗಲ್. ಬೆಳ್ತಂಗಡಿಯಿಂದಾಚೆಗೆ, ಬಂಡೆಗಳ ನಡುವೆ ನೊರೆಯೆದ್ದು ಇಳಿಯುವ ನೀರಿನಲ್ಲಿ, ದೋಣಿಯನ್ನು ತೊರೆಯುವುದೇ ವಿವೇಕವೆಂದು ಬಗೆದು ಅಡಿಕೆ ಮರದ ಕಾಲುಸಂಕ ಹಾಕಿದರು.

ಬಂಟ್ವಾಳ ಪೇಟೆ ಬೆಳೆದುದು ಈ ಆಯ್ಕೆಯ ಬಲದಿಂದಲೇ. ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಯ ದಾರಿಯಾಗಿ ಬಂದ ಘಟ್ಟದ ಮೇಲಣ ಸರಕು, ಮುಂದೆ ಮುಖ್ಯವಾಗಿ ಕಾಫಿ, ಇಲ್ಲಿ ಗಾಡಿಯಿಂದಿಳಿದು ದೋಣಿಯೇರುತ್ತಿತ್ತು. ಕೆಳಗಿನಿಂದ ಉಪ್ಪು ಮೇಲೇರುತ್ತಿತ್ತು. ಉಪ್ಪಿನಂಗಡಿಯ ಹೆಸರೇ ಅದನ್ನು ಸಾರುತ್ತದೆ. 1801ರ ಆರಂಭದಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬಂಟ್ವಾಳದ ಕಡೆಯಿಂದ ಬೆಳ್ತಂಗಡಿ, ವೇಣೂರುಗಳ ಮೂಲಕ ಮೂಡುಬಿದಿರೆಗೆ ಹೋದನು. ನದಿಯ ಪೇಟೆಯಿಂದ ಬಸದಿಗಳ ಊರಿಗೆ ಹೋಗುವ ನೆಲದ ದಾರಿ ಅದು. ಮೂಡುಬಿದಿರೆಯ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. ಆದರೂ 1430ರ ಸಾವಿರ ಕಂಬದ ಬಸದಿಯ ಕಲ್ಲಿನಲ್ಲಿ ಜಿರಾಫೆಯನ್ನೂ ಚೀನದ ಡ್ರ್ಯಾಗನ್ನನ್ನೂ ಕೆತ್ತಿದ್ದಾರೆಂದು ಬಲ್ಲವರು ತೋರಿಸುತ್ತಾರೆ. ಕಡಲು ಕಾಣದ ಊರಿನ ಶ್ರೀಮಂತಿಕೆಗೂ ಕಡಲಿನ ವ್ಯಾಪಾರದ ನಂಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ದೋಣಿ ಕಟ್ಟುವಲ್ಲಿಯೂ ಅದೇ ವಿವೇಕ. ಹೆಬ್ಬಲಸು, ಮಾವುಗಳ ಮರ. ಹಲಗೆಗಳನ್ನು ಕೂಡಿಸಲು ಪಶ್ಚಿಮ ಕರಾವಳಿಯಲ್ಲಿ ಬಹುಕಾಲ ಬಳಸಿದ್ದು ಮೊಳೆಯನ್ನಲ್ಲ, ತೆಂಗಿನ ನಾರಿನ ಹುರಿಯನ್ನು. ಹೊಲಿದ ದೋಣಿ ಮರಳಿಗೆ ಬಡಿದಾಗ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ. ಪ್ರತಿಯಾಗಿ ಆಗಾಗ ಹುರಿ ಬಿಗಿಯಬೇಕು. ತರುಣರು ತಂದ ಚಿತ್ರಗಳಲ್ಲಿ ರಿವೆಟ್ಟಿಗೂ ವೆಲ್ಡಿಂಗಿಗೂ ಇದ್ದ ತಕರಾರು ಹುರಿಗೂ ಮೊಳೆಗೂ ಇದ್ದ ಹಳೆಯ ತಕರಾರಿನ ಮುಂದುವರಿಕೆಯಷ್ಟೆ.

ಈ ತಿಳಿವಳಿಕೆ ನಮ್ಮಿಂದ ಜಾರಿದುದು ಹೇಗೆ? 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಆವೆಮಣ್ಣು ಹೊರುವ ಕೆಲಸದಿಂದ ದೋಣಿಗಳಿಗೆ ಹೊಸ ಜೀವ ಬಂತು. ಆದರೆ 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿತು, ಮುಂದಿನ ದಶಕದಲ್ಲಿ ಪಾಣೆಮಂಗಳೂರಿನಲ್ಲಿ ಕಬ್ಬಿಣದ ಸೇತುವೆ ಎದ್ದಿತು, ಮೋಟಾರುಗಳು ಬಂದವು. ತುಂಬೆಯ ಕಿಂಡಿ ಅಣೆಕಟ್ಟು ನಗರಕ್ಕೆ ಕುಡಿಯುವ ನೀರು ಕೊಟ್ಟಿತು, ನದಿಯ ಹಳೆಯ ಹಾದಿಗೆ ಅಡ್ಡ ನಿಂತಿತು. ಇದನ್ನು ದೂರೆಂದು ಹೇಳುತ್ತಿಲ್ಲ. ಸೇತುವೆ ಬೇಡವೆನ್ನುವವರು ಯಾರು? ಆದರೆ ನದಿ ನಮಗೆ ದಾರಿಯಾಗಿರುವುದು ತಪ್ಪಿದ ಮೇಲೆ ಅದರ ತಳ ನಮಗೆ ಅಪರಿಚಿತವಾಯಿತು.

ನದಿ ಮಾತ್ರ ನಮ್ಮನ್ನು ಮರೆಯಲಿಲ್ಲ. 1923ರ ನೆರೆಯ ಕಥೆ ನಾನು ಅಜ್ಜಿಯಿಂದ ಕೇಳಿದ್ದು, 1974ರದು ಕಣ್ಣಾರೆ ಕಂಡದ್ದು. ನನಗಾಗ ಹದಿನಾಲ್ಕು ವರ್ಷ. ಪೇಟೆಯ ಬೀದಿಯೇ ಹೊಳೆಯಾಗಿತ್ತು. ನಾವು ಮನೆಯವರೆಲ್ಲ ಮಹಡಿಯಲ್ಲಿ, ಅಜ್ಜಿ ಅಕ್ಕಿಮುಡಿಯ ಮೇಲೆ ಕುಳಿತು ರಾಮನಾಮ ಹೇಳುತ್ತಿದ್ದರು. ಮೊದಲು ಬಂದುದು ಒಂದು ದೊಡ್ಡ ಸರಕಿನ ದೋಣಿ. ನಮ್ಮೆಲ್ಲರನ್ನೂ ಒಮ್ಮೆಗೇ ಹೊರಬಲ್ಲ ದೋಣಿ. ಆದರೆ ಸೆಳೆತಕ್ಕೆ ಸಿಕ್ಕಿ ಬೀದಿಯಲ್ಲಿ ಅಡ್ಡವಾಯಿತು. ಮಾಡಿನ ಅಂಚಿಗೆ ತಾಗಿ ನಾಲ್ಕು ಹೆಂಚುಗಳನ್ನು ಕೆಡವಿ, ಹೇಗೋ ತಿರುಗಿ ಹೊರಟುಹೋಯಿತು. ಅಜ್ಜಿಯ ಬಾಯಿಂದ ರಾಮನಾಮವೂ ಹೊರಡಲಿಲ್ಲ. ತಾಸಿನ ಮೇಲೆ ಒಬ್ಬ ಮುದುಕ ಪಾತಿಯ ಮೇಲೆ ನಿಂತು, ಬಿದಿರ ಗಳವನ್ನು ಒಮ್ಮೆ ನೆಲಕ್ಕೆ, ಒಮ್ಮೆ ಎದುರಂಗಡಿಯ ಗೋಡೆಗೆ ಊರುತ್ತ, ನಮ್ಮ ಕಿಟಕಿಯ ಕೆಳಗೆ ಬಂದ. ಇಬ್ಬಿಬ್ಬರಂತೆ ಮೂರು ಸಲ ಸಾಗಿಸಿದ. ಅಜ್ಜಿ ಆ ಬಳಿಕ ಹನ್ನೊಂದು ವರ್ಷ ಬದುಕಿದ್ದರು.

ಈ ಕಥೆಯನ್ನು ತರುಣರಿಗೆ ಹೇಳಿದೆ. ಆದರೂ ನನ್ನ ಮಾತನ್ನೇ ನಂಬುವುದು ಬೇಡವೆಂದು ಪಾಣೆಮಂಗಳೂರಿನ ಬಳಿಯ ಒಬ್ಬ ಹಳೆಯ ಅಂಬಿಗರ ಮನೆಗೆ ಅವರನ್ನು ಕರೆದೊಯ್ದೆ. ಎಂಬತ್ತು ದಾಟಿದವರು. ಚಿತ್ರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಮಾಸ್ಟ್ರೇ, ಇಂಜಿನಿನ ಚಕ್ರ ನೀರೊಳಗೆ ಎಷ್ಟು ಇಳಿದಿರುತ್ತದೆ?” ಎಂದು ತುಳುವಿನಲ್ಲಿ ಕೇಳಿದರು. ದೋಣಿಯ ತಳಕ್ಕಿಂತಲೂ ಕೆಳಗೆ ಎಂದು ಒಬ್ಬ ಹುಡುಗ ಹೇಳಿದ.

“ಹಾಗಾದರೆ ನೆರೆಯಲ್ಲಿ ಬೇಲಿಯ ತಂತಿ, ತೇಲಿಬಂದ ಬಳ್ಳಿ, ಕಲ್ಲು ಯಾವುದಾದರೂ ಅದಕ್ಕೆ ತಾಗಿಯೇ ತಾಗುತ್ತದೆ. ಇಂಜಿನು ನಿಂತ ಮೇಲೆ ಗಳ ಊರುವವನು ಎಲ್ಲಿ ನಿಲ್ಲಬೇಕು?”

1909ರಲ್ಲಿ ಅಮೆರಿಕದ ಓಲೆ ಎವಿನ್ರೂಡ್ ದೋಣಿಯ ಬೆನ್ನಿಗೆ ತೂಗುವ ಇಂಜಿನನ್ನು ಮಾರುಕಟ್ಟೆಗೆ ತಂದಂದಿನಿಂದ, 1980ರ ದಶಕದಲ್ಲಿ ನಮ್ಮ ಕರಾವಳಿಯ ನಾಡದೋಣಿಗಳಿಗೆ ಅದು ಏರಿದ ಮೇಲೆಯೂ, ಈ ಪ್ರಶ್ನೆಗೆ ಬೇರೆ ಉತ್ತರ ಹುಟ್ಟಿಲ್ಲ. ಚಕ್ರಕ್ಕೆ ಕಲ್ಲು ತಾಗಿದರೆ ಇಂಜಿನು ಉಳಿಯಲೆಂದು, ತಾನೇ ಮುರಿಯುವ ಒಂದು ಸಣ್ಣ ಪಿನ್ನನ್ನು ಅಂಥ ಸಣ್ಣ ಇಂಜಿನುಗಳಲ್ಲಿ ಇಟ್ಟಿರುತ್ತಾರೆ. ಆ ಪಿನ್ನು ಇಂಜಿನನ್ನು ಉಳಿಸುತ್ತದೆ. ದೋಣಿಯಲ್ಲಿರುವವರನ್ನು ಉಳಿಸಬೇಕಾದವನು ಗಳ ಹಿಡಿದವನು.

ತರುಣರು ಚಪ್ಪಟೆ ತಳದ, ರಿವೆಟ್ಟಿನ, ಹಗುರವಾದ ದೋಣಿಯನ್ನು ಕೊಂಡರು. ಇಂಜಿನು ಚಿಕ್ಕದು, ಅದರಿಂದುಳಿದ ಹಣದಲ್ಲಿ ತೇಲುಕವಚಗಳನ್ನೂ ಹುಟ್ಟುಗಳನ್ನೂ ತಂದರು. ಅಳಿವೆಗೆ ಹೋಗಬೇಕಾದವರಿಗೆ ಚೂಪು ತಳದ್ದೇ ಸರಿಯಾಗಿರಬಹುದು. ಅವರ ನೀರು ಬೇರೆ. ಈಗ ತಿಂಗಳಿಗೆ ಎರಡು ಭಾನುವಾರ ಆ ಹುಡುಗರು ನದಿಗಿಳಿಯುತ್ತಾರೆ. ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತ ಅಂಬಿಗರು ಮೊದಲ ಒಂದು ತಾಸು ಅವರಿಗೆ ಇಂಜಿನನ್ನು ಮುಟ್ಟಲು ಬಿಡುವುದಿಲ್ಲ.