ತೆರೆಯ ಮೇಲಿನ ಕಲ್ಯಾಣ: ಬೀದರ ನಾಡಿನ ಚರಿತ್ರೆಯ ದೃಷ್ಟಿಯಿಂದ ಒಂದು ಪರಿಶೀಲನೆ

ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯನ್ನು ವಸ್ತುವಾಗಿ ಪಡೆದ ಕನ್ನಡ ಚಲಚ್ಚಿತ್ರಗಳಲ್ಲಿ ಮೂರು ವಿಶೇಷವಾಗಿ ಗಮನಾರ್ಹವಾದುವು. ಮೊದಲನೆಯದು ೧೯೫೯ರಲ್ಲಿ ಟಿ. ವಿ. ಸಿಂಗ್ ಠಾಕೂರರು ನಿರ್ದೇಶಿಸಿದ ‘ಜಗಜ್ಯೋತಿ ಬಸವೇಶ್ವರ’. ಎರಡನೆಯದು ೧೯೮೩ರಲ್ಲಿ ಕೆ. ಎಸ್. ಎಲ್. ಸ್ವಾಮಿಯವರಿಂದ ಬಂದ ‘ಕ್ರಾಂತಿಯೋಗಿ ಬಸವಣ್ಣ’. ಮೂರನೆಯದು ೨೦೧೭ರಲ್ಲಿ ತೆರೆಕಂಡ ಟಿ. ಎಸ್. ನಾಗಾಭರಣರ ‘ಅಲ್ಲಮ’. ಕಲೆಯ ದೃಷ್ಟಿಯಿಂದ ಇವುಗಳ ಗುಣದೋಷಗಳನ್ನು ಎಣಿಸುವುದು ಬೇರೆಯ ಕೆಲಸ. ಚರಿತ್ರೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಒಂದೇ: ಕಲ್ಯಾಣವನ್ನು ತೋರಿಸುವೆವೆಂದು ಹೊರಟ ಈ ಚಿತ್ರಮಾರ್ಗವು ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ನಡೆಸಿಕೊಟ್ಟಿತು?

ಈ ಮಾತಿಗೆ ಬೀದರ ನಾಡಿನಲ್ಲಿ ಎಷ್ಟು ಬೆಲೆಯಿದ್ದಿತೆಂಬುದನ್ನು ಮೊದಲು ತಿಳಿಯಬೇಕು. ಕಲ್ಯಾಣವಿರುವ ಈ ಜಿಲ್ಲೆಯು ೧೯೪೮ರ ಸೆಪ್ಟೆಂಬರದ ಸೈನಿಕ ಕಾರ್ಯಾಚರಣೆಯವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಆಡಳಿತದ ಭಾಷೆ ಉರ್ದು. ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತೀ ಸುಲೋಚನ’ವು ಬೆಂಗಳೂರಿನಲ್ಲಿ ತೆರೆಕಂಡಾಗ, ಬೀದರದ ಕನ್ನಡಿಗನಿಗೆ ತನ್ನ ಭಾಷೆಯಲ್ಲಿ ಅಕ್ಷರ ಕಲಿಯುವುದೇ ದುಸ್ತರವಾಗಿದ್ದಿತು. ಆ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದುವಿನ ಫಲಕವನ್ನಿರಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಆ ಪ್ರಾಂತದಲ್ಲಿ ಇಂದಿಗೂ ಮನೆಮಾತು. ನೂರು ವರ್ಷಕ್ಕೂ ಮೀರಿ ಬಾಳಿ ೧೯೯೯ರಲ್ಲಿ ಲಿಂಗೈಕ್ಯರಾದ ಈ ಸ್ವಾಮಿಗಳ ಹುಟ್ಟೂರು, ಹಿಂದೆ ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರ.

೧೯೫೬ರ ನವೆಂಬರ್ ೧ರಂದು ಜಿಲ್ಲೆಯೇ ಹಂಚಿಹೋಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವು ಆಂಧ್ರಪ್ರದೇಶಕ್ಕೂ ಸೇರಿದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಹೀಗೆ ಬಂದ ಮೂರನೆಯ ವರ್ಷದಲ್ಲಿಯೇ ‘ಜಗಜ್ಯೋತಿ ಬಸವೇಶ್ವರ’ವು ತೆರೆಗೆ ಬಂದಿತು. ಹೊಸದಾಗಿ ಕೂಡಿಕೊಂಡ ಗಡಿನಾಡಿನ ಹಿರಿಮೆಯನ್ನು ಕನ್ನಡನಾಡಿಗೆಲ್ಲ ಅರಿಕೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಒದಗುವಂತಿರಲಿಲ್ಲ.

ಆದರೆ ಆ ಚಿತ್ರವು ಬಂದ ದಾರಿ ಬೇರೆ. ಬಸವೇಶ್ವರರ ಪಾತ್ರ ವಹಿಸಿದ ಹೊನ್ನಪ್ಪ ಭಾಗವತರು, ಬಿಜ್ಜಳನ ಪಾತ್ರ ವಹಿಸಿದ ರಾಜಕುಮಾರರು, ಸಾಹಿತ್ಯವನ್ನೊದಗಿಸಿದ ಜಿ. ವಿ. ಅಯ್ಯರ್, ಈ ಮೂವರೂ ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಪಳಗಿದವರು. ಆ ಕಾಲದ ಕನ್ನಡ ಚಿತ್ರಗಳು ಬಹುಮಟ್ಟಿಗೆ ಸಿದ್ಧವಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಕಂಪನಿ ನಾಟಕದ ಭಕ್ತಿಕಥೆಗೆ ಒಂದು ಗೊತ್ತಾದ ಕಟ್ಟು ಉಂಟು: ಆಸ್ಥಾನ, ಭಕ್ತ, ಭಕ್ತನನ್ನು ಶಂಕಿಸುವ ಅರಸ, ಚಾಡಿಕೋರರು, ಪರೀಕ್ಷೆ, ಕೊನೆಯಲ್ಲಿ ಮಹಿಮೆಯ ಪ್ರಕಾಶ. ಭಕ್ತನೊಬ್ಬನ ಕಥೆಗೆ ಈ ಕಟ್ಟು ಒಪ್ಪುವುದು. ಆದರೆ ಕಲ್ಯಾಣದಲ್ಲಿ ನಡೆದುದು ಒಬ್ಬನ ಕಥೆಯಲ್ಲ. ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಮಾರಯ್ಯ, ಅವನು ಹೆಚ್ಚಾಗಿ ಆಯ್ದು ತಂದ ದಿನ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಲಕ್ಕಮ್ಮ, ಇವರೆಲ್ಲ ಆ ಚರಿತ್ರೆಯಲ್ಲಿ ನಾಯಕನ ಪರಿವಾರದವರಲ್ಲ. ಚರಿತ್ರೆಯ ಶರೀರವೇ ಇವರು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಂದಿನಿಂದ ಈ ಕಾಯಕಜೀವಿಗಳ ಮಾತು ಎಲ್ಲರ ಕೈಗೂ ದೊರೆಯುವಂತಾಗಿದ್ದಿತು. ಇಷ್ಟಾದರೂ ಮೊದಲೆರಡು ಚಿತ್ರಗಳು ಒಬ್ಬ ಮಹಾಪುರುಷನ ಜೀವನಚರಿತ್ರೆಯ ಚೌಕಟ್ಟನ್ನೇ ಆರಿಸಿಕೊಂಡುವು. ಅವುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ೧೯೫೯ರಲ್ಲಿ ‘ಜ್ಯೋತಿ’ಯಾಗಿದ್ದವರು ೧೯೮೩ರಲ್ಲಿ ‘ಕ್ರಾಂತಿ’ಯ ಯೋಗಿಯಾದರು, ಬಿರುದು ಬದಲಾಯಿತು, ಚೌಕಟ್ಟು ಬದಲಾಗಲಿಲ್ಲ.

ಎರಡನೆಯ ಕೊರತೆಯು ಆಕರಗಳಿಗೆ ಸಂಬಂಧಿಸಿದುದು. ಬಸವಣ್ಣನವರನ್ನು ಹೆಸರಿಸುವ ಅರ್ಜುನವಾಡದ ಶಾಸನವು ಕ್ರಿ. ಶ. ೧೨೬೦ರದು, ಎಂದರೆ ಅವರ ಕಾಲದಿಂದ ಸುಮಾರು ಒಂದು ಶತಮಾನದ ಈಚಿನದು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣ, ೧೩೬೯ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ, ಹೀಗೆ ಕಥೆಯು ಕಾವ್ಯದಿಂದ ಕಾವ್ಯಕ್ಕೆ ಬೆಳೆಯಿತು. ಬಿಜ್ಜಳನ ಅನಂತರ ಸೋವಿದೇವನು ಆಳಿದುದನ್ನು ಶಾಸನಗಳಿಂದ ತಿಳಿಯಬಹುದು. ಬಿಜ್ಜಳನ ಕೊಲೆಯ ವೃತ್ತಾಂತವಾದರೋ ಕಾವ್ಯಗಳದು. ಅದರಲ್ಲಿಯೂ ವೀರಶೈವ ಕವಿಗಳ ಹೇಳಿಕೆಗೂ ಜೈನ ಕವಿಯ ಹೇಳಿಕೆಗೂ ಹೊಂದಿಕೆಯಿಲ್ಲ. ಹೀಗಿರಲು ಚಿತ್ರಕಾರನು ಯಾವುದಾದರೊಂದು ಪಾಠವನ್ನು ಆರಿಸಿಕೊಳ್ಳಲೇಬೇಕು, ಅದು ತಪ್ಪಲ್ಲ. ಆರಿಸಿಕೊಂಡುದನ್ನು ಕಣ್ಣಾರೆ ಕಂಡ ಸಂಗತಿಯಂತೆ ನಿಲ್ಲಿಸಿಬಿಡುವುದು ತೆರೆಯ ಸ್ವಭಾವ; ಅಪಾಯವಿರುವುದು ಅಲ್ಲಿ. ಓದುವವನು ಪುಟವನ್ನು ಹಿಂದಕ್ಕೆ ತಿರುವಿ ಶಂಕಿಸಬಲ್ಲನು. ನೋಡುವವನಿಗೆ ಆ ಬಿಡುವಿಲ್ಲ. ಪಿ. ಲಂಕೇಶರ ‘ಸಂಕ್ರಾಂತಿ’, ಗಿರೀಶ ಕಾರ್ನಾಡರ ‘ತಲೆದಂಡ’ ಎಂಬ ನಾಟಕಗಳು ಇದೇ ಕಥೆಯನ್ನು ಮಹಿಮೆಯ ಪ್ರಕಾಶದಲ್ಲಿ ಮುಗಿಸದೆ ಪ್ರಶ್ನೆಯಾಗಿಯೇ ಉಳಿಸಿದುವು. ಆದಕಾರಣ ಕೊರತೆಯು ವಸ್ತುವಿನದಲ್ಲವೆಂಬುದು ಸ್ಪಷ್ಟ.

‘ಅಲ್ಲಮ’ ಚಿತ್ರವು ಹೆಚ್ಚಿನ ಸಿದ್ಧತೆಯಿಂದ ಬಂದುದು. ಅದಕ್ಕೆ ಹಿನ್ನೆಲೆ ಸಂಗೀತಕ್ಕಾಗಿಯೂ ಪ್ರಸಾಧನಕ್ಕಾಗಿಯೂ ರಾಷ್ಟ್ರಪ್ರಶಸ್ತಿಗಳು ದೊರೆತುವು. ಇವೆರಡೂ ಒಂದು ಕಾಲದ ಹೊರಮೈಯನ್ನು ಕಟ್ಟಿಕೊಡುವ ಕಲೆಗಳೆಂಬುದನ್ನು ಗಮನಿಸಬೇಕು. ಅಲ್ಲಮನ ಜೀವನವನ್ನು ಹೇಳಹೊರಟ ಚಿತ್ರಕ್ಕೆ ಅವನ ಅನಂತರದ ಕಥೆಯು ವಿಷಯವಲ್ಲ. ಆದರೂ ಬೀದರ ನಗರದ ಹತ್ತಿರದ ಅಷ್ಟೂರಿಗೆ ಹೋದವರಿಗೆ ಅಲ್ಲಮನು ಮುಗಿದುಹೋದ ಜೀವನವಾಗಿ ಕಾಣುವುದಿಲ್ಲ. ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ಬದಲಾಯಿಸಿದ ಬಹಮನಿ ಸುಲ್ತಾನ ಅಹಮದ ಶಾಹನ ಗೋರಿ ಅಲ್ಲಿದೆ. ಮುಸಲ್ಮಾನರಿಗೆ ಅವನು ವಲಿ. ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುವ ಪದ್ಧತಿಯುಂಟು. ಹನ್ನೆರಡನೆಯ ಶತಮಾನದ ಅನುಭಾವಿಯ ಹೆಸರು ಹದಿನೈದನೆಯ ಶತಮಾನದ ಸುಲ್ತಾನನ ಗೋರಿಯಲ್ಲಿ ಹೇಗೆ ನೆಲೆಗೊಂಡಿತೆಂಬುದು ಪಂಡಿತರಿಗೂ ಚಿತ್ರಕಾರರಿಗೂ ಸಮನಾಗಿ ಒದಗುವ ವಿಷಯ.

ಇನ್ನು ಭಾಷೆಯ ಮಾತು. ಔರಾದದ ಕನ್ನಡದ ಪಕ್ಕದಲ್ಲಿ ಮರಾಠಿಯೂ ತೆಲುಗೂ ಇವೆ. ಬೀದರ ಪೇಟೆಯಲ್ಲಿ ದಖನಿ ಉರ್ದು ಬೆರೆಯುತ್ತದೆ. ಕಂಪನಿ ನಾಟಕದಿಂದ ಬಂದ ಗ್ರಾಂಥಿಕ ಸಂಭಾಷಣೆಗೂ ಈ ಮಾತಿಗೂ ಬಹುದೂರ. ವಚನಕಾರರು ಆಸ್ಥಾನದ ಭಾಷೆಯನ್ನು ಬಿಟ್ಟು ಆಡುಮಾತನ್ನು ಹಿಡಿದರೆಂಬುದು ಸಾಹಿತ್ಯಚರಿತ್ರೆಯ ಮೊದಲ ಪಾಠ. ಅವರ ಕಥೆಯನ್ನು ಆಸ್ಥಾನದ ಭಾಷೆಯಲ್ಲಿ ಆಡಿಸಿದಾಗ ಅವರು ಗೆದ್ದುದನ್ನೇ ಅವರಿಂದ ಹಿಂದಕ್ಕೆ ಪಡೆದಂತಾಗುತ್ತದೆ.

ಇದರಿಂದ ಈ ಚಿತ್ರಗಳು ವ್ಯರ್ಥವೆಂದು ಹೇಳಲಾಗದು. ಅಕ್ಷರವರಿಯದ ಸಹಸ್ರಾರು ಜನರಿಗೆ ಬಸವಣ್ಣನವರ ಹೆಸರನ್ನು ಮುಟ್ಟಿಸಿದ ಪುಣ್ಯ ಅವುಗಳದು. ಆದರೆ ಹೆಸರನ್ನು ಮುಟ್ಟಿಸಿದಷ್ಟರಿಂದ ಊರನ್ನು ತೋರಿಸಿದಂತಾಗಲಿಲ್ಲ. ಭಾಲ್ಕಿಯ ಶಾಲೆಯಲ್ಲಿ ಫಲಕದ ಹಿಂದೆ ಕನ್ನಡ ಕಲಿತ ಪೀಳಿಗೆಯು ತನ್ನ ನೆಲದ ಚರಿತ್ರೆಯನ್ನು ತೆರೆಯ ಮೇಲೆ ಕಾಣಬೇಕಾಗಿದ್ದಿತು. ಅದಕ್ಕೆ ಕಂಡುದು ಆಸ್ಥಾನದ ಚಿತ್ರ. ಮುಂದೆ ಈ ವಸ್ತುವನ್ನು ಕೈಗೊಳ್ಳುವವರು ಬಿಜ್ಜಳನ ಓಲಗದಿಂದಲ್ಲ, ಲಕ್ಕಮ್ಮನ ಅಕ್ಕಿಯಿಂದ ಮೊದಲುಮಾಡುವುದು ಉಚಿತ.