ಕೂಟ ಮುಗಿದ ಮೇಲೆ
ಕಾಸರಗೋಡಿನ ನಿಮ್ಮಂತೆ ಕೋಸಗಿಯ ನಾವೂ ಗಡಿಯಾಚೆಯ ಕನ್ನಡಿಗರು. ಪೋಲಿಯೊ ತಗಲಿದ್ದ ನನ್ನ ತಂಗಿ ಆಟದ ಹೊತ್ತಿನಲ್ಲಿ ಶಾಲೆಯ ಜಗುಲಿಯ ಮೇಲೆಯೇ ಕೂತಿರುತ್ತಿದ್ದಳು.

ಅದೇ ಪೋಲಿಯೊವನ್ನು ಎದುರಿಸಿದ ಬೆಂಗಳೂರಿನ ಮಾಲತಿ ಹೊಳ್ಳ 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸಿಗೆ ಹೋದರು. 2009ರಲ್ಲಿ ಗಾಲಿಕುರ್ಚಿ ಹಾಗೂ ಅಂಗಛೇದಿತರ ವಿಶ್ವ ಕ್ರೀಡಾಕೂಟ ಬೆಂಗಳೂರಿಗೇ ಬಂತು. 2025ರಲ್ಲಿ ದೆಹಲಿಯ ವಿಶ್ವ ಪ್ಯಾರಾ ಅಥ್ಲೆಟಿಕ್ಸಿನಲ್ಲಿ ಭಾರತಕ್ಕೆ 22 ಪದಕ. ವರಂಗಲ್ ಕಡೆಯ ದೀಪ್ತಿ ಜೀವನ್‌ಜಿಗೆ 400 ಮೀಟರಿನಲ್ಲಿ ಬೆಳ್ಳಿ.

ಕೂಟ ನಮ್ಮಲ್ಲೇ ನಡೆದರೆ ಪರದೇಶ ಪ್ರಯಾಣದ ಖರ್ಚಿಲ್ಲದೆ ಹೆಚ್ಚು ಮಂದಿ ಕಣಕ್ಕಿಳಿಯಬಹುದು. ನೋಡಿದವರ ಕನಿಕರ ಗೌರವವಾಗುತ್ತದೆ. ಆದರೆ ಓಟದ ಹಾದಿ ರಾಜಧಾನಿಯಲ್ಲೇ ಉಳಿಯುತ್ತದೆ. ಊರ ಮೈದಾನಕ್ಕೆ ಇಳಿಜಾರು ದಾರಿ, ತರಬೇತುದಾರರು ಬಂದಾಗಲೇ ಆತಿಥ್ಯದ ಫಲ ಆಟಗಾರರಿಗೆ ದಕ್ಕೀತು. ದೆಹಲಿಯ ಓಟವನ್ನು ಟೀವಿಯಲ್ಲಿ ಕಂಡ ತಂಗಿ ಕೇಳಿದ್ದೂ ಶಾಲೆಯ ಆ ಮೂರು ಮೆಟ್ಟಿಲುಗಳ ಬಗ್ಗೆಯೇ.