ಸುರಂಗದ ಭಯಕ್ಕೂ ಒಂದು ಚರಿತ್ರೆ

ಕಮ್ಮನಹಳ್ಳಿಯ ಕುಳ್ಳಪ್ಪ ಸರ್ಕಲ್‌ನಿಂದ ಉತ್ತರಕ್ಕೆ ಹೋದರೆ ಹೊರವರ್ತುಲ ರಸ್ತೆ ಸಿಗುತ್ತದೆ. ಅಲ್ಲಿ ಮೆಟ್ರೋ ಎಂದರೆ ತಲೆಯೆತ್ತಿ ನೋಡಬೇಕಾದ ಕಂಬಗಳ ಸಾಲು. ಪಶ್ಚಿಮಕ್ಕೆ ಲಿಂಗರಾಜಪುರ ದಾಟಿ ಟ್ಯಾನರಿ ರಸ್ತೆಗೆ ಬಂದರೆ ಕಂಬಗಳೇ ಇಲ್ಲ. ಅಲ್ಲಿ ಮೆಟ್ರೋ ಕಾಲಡಿಯಲ್ಲಿದೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ಒಟ್ಟು ಉದ್ದ 21.26 ಕಿ.ಮೀ.; ಅದರಲ್ಲಿ 13.76 ಕಿ.ಮೀ. ನೆಲದೊಳಗೆ ಸಾಗುತ್ತದೆ. ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್, ಟ್ಯಾನರಿ ರಸ್ತೆ, ವೆಂಕಟೇಶಪುರ, ಅರೇಬಿಕ್ ಕಾಲೇಜು, ನಾಗವಾರ ಹೀಗೆ ಪೂರ್ವ ಬೆಂಗಳೂರಿನ ಹಳೆಯ ಹೆಸರುಗಳೆಲ್ಲ ಈಗ ನೆಲದಡಿಯ ನಿಲ್ದಾಣಗಳ ಹೆಸರುಗಳೂ ಆಗಿವೆ.

ಈ ಭಾಗದಲ್ಲಿ ಮೆಟ್ರೋ ಮಾತು ಬಂದಾಗ ಒಂದು ಸಣ್ಣ ದನಿ ಆಗಾಗ ಕೇಳಿಸುತ್ತದೆ: ಮೇಲೆ ಓಡುವ ರೈಲಾದರೆ ಸರಿ, ಕೆಳಗಿನದ್ದು ನನಗಾಗದು. ಹೇಳುವವರು ನಾಚಿಕೊಂಡೇ ಹೇಳುತ್ತಾರೆ. ರೈಲು ಸುರಂಗ ಹೊಕ್ಕು ಕಿಟಕಿ ಕಪ್ಪಾಗುತ್ತಿದ್ದಂತೆ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಎರಡು ನಿಲ್ದಾಣಗಳ ನಡುವೆ ರೈಲು ಅರೆಗಳಿಗೆ ನಿಂತರೂ ಉಸಿರು ಕಟ್ಟಿದಂತಾಗುತ್ತದೆ. ಕೇಳುವವರು ನಕ್ಕು ಸುಮ್ಮನಾಗುತ್ತಾರೆ. ಈ ಭಯವನ್ನು ಒಬ್ಬೊಬ್ಬರ ಖಾಸಗಿ ದೌರ್ಬಲ್ಯ ಎಂದುಕೊಳ್ಳುವುದು ನಮಗೆ ರೂಢಿ. ಆದರೆ ಇದಕ್ಕೆ ನೂರಾ ಅರವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಭಯ ಎಲ್ಲಿ ಬೆರಳು ತೋರಿಸಿತು, ಅಪಾಯ ನಿಜವಾಗಿ ಎಲ್ಲಿತ್ತು ಎಂಬುದನ್ನು ಆ ಚರಿತ್ರೆಯಿಂದ ಕಲಿಯಬಹುದು.

ನೆಲದಡಿಯ ದಾರಿ ನಮ್ಮ ಕಲ್ಪನೆಗೆ ಹೊಸದಲ್ಲ. ‘ಸುರಂಗ’ ಎಂಬ ಪದವೇ ಬಹಳ ಹಳೆಯದು; ಗ್ರೀಕರ ‘ಸಿರಿಂಕ್ಸ್’ ಎಂಬ ಶಬ್ದದಿಂದ ಅದು ಸಂಸ್ಕೃತಕ್ಕೆ ಬಂದಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮಹಾಭಾರತದ ಅರಗಿನ ಮನೆಯ ಪ್ರಸಂಗದಲ್ಲಿ ವಿದುರ ಕಳಿಸಿದ ಅಗೆತಗಾರ ತೋಡಿದ ಸುರಂಗದಿಂದಲೇ ಪಾಂಡವರು ಜೀವ ಉಳಿಸಿಕೊಂಡರು. ಬೆಂಕಿ ಇದ್ದದ್ದು ನೆಲದ ಮೇಲೆ, ಬದುಕುವ ದಾರಿ ಇದ್ದದ್ದು ನೆಲದ ಕೆಳಗೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಡ್ಡಲಾಗಿ ಕೊರೆದು ನೀರು ತರುವ ಕಂಡಿಗಳಿಗೂ ಸುರಂಗ ಎಂದೇ ಹೆಸರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಇಕ್ಕಟ್ಟಿನ ಆ ದಾರಿಗಳು ಎಷ್ಟೋ ಅಡಿಕೆ ತೋಟಗಳನ್ನು ಇಂದಿಗೂ ಹಸಿರಾಗಿಟ್ಟಿವೆ. ಇನ್ನು ದೇವಸ್ಥಾನದ ಗವಿಯಿಂದ ಕಾಶಿಗೆ, ಕೋಟೆಯಿಂದ ಹೊಳೆಗೆ ಗುಪ್ತ ದಾರಿಯಿದೆ ಎಂಬ ಕಥೆಯಿಲ್ಲದ ಊರೇ ನಮ್ಮಲ್ಲಿ ಅಪರೂಪ.

ಆದರೆ ಈ ಸುರಂಗಗಳಿಗೆಲ್ಲ ಸಮಾನವಾದ ಒಂದು ಗುಣವಿತ್ತು. ಒಳಗೆ ಹೋದವನು ತನ್ನ ಕಾಲಮೇಲೆ ತಾನು ಹೋಗುತ್ತಿದ್ದ, ಹೆದರಿಕೆಯಾದರೆ ಹಿಂದಿರುಗಬಹುದಿತ್ತು. ಯಂತ್ರ ಎಳೆದೊಯ್ಯುವ, ಬಾಗಿಲು ಬೇರೆಯವರ ಕೈಯಲ್ಲಿರುವ ಸುರಂಗ ಬಂದದ್ದು 1863ರ ಜನವರಿ 10ರಂದು. ಅಂದು ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಜಗತ್ತಿನ ಮೊದಲ ನೆಲದಡಿಯ ರೈಲುಮಾರ್ಗ ಸಾರ್ವಜನಿಕರಿಗೆ ತೆರೆಯಿತು. ಎಳೆಯುತ್ತಿದ್ದದ್ದು ಉಗಿ ಎಂಜಿನ್; ಸುರಂಗದ ತುಂಬ ಹೊಗೆ, ಗಂಧಕದ ವಾಸನೆ. ಹಿಂದಿನ ವರ್ಷವಷ್ಟೇ ಫ್ಲೀಟ್ ಎಂಬ ಹಳೆಯ ಹೊಳೆ, ಆಗ ಚರಂಡಿಯಾಗಿದ್ದದ್ದು, ಒಡೆದು ಕಾಮಗಾರಿಗೆ ನುಗ್ಗಿತ್ತು. ಎಪ್ಪತ್ತೆಂಟರ ಪ್ರಧಾನಿ ಪಾಮರ್‌ಸ್ಟನ್ ಉದ್ಘಾಟನೆಯ ಆಹ್ವಾನ ಬಂದಾಗ, ಆದಷ್ಟು ದಿನ ನೆಲದ ಮೇಲೆಯೇ ಇರುತ್ತೇನೆ ಎಂದು ನಿರಾಕರಿಸಿದರೆಂಬ ಮಾತು ಪ್ರಸಿದ್ಧ. ನೆಲದಡಿ ಎಂದರೆ ಸಮಾಧಿ ಎಂಬ ಭಾವನೆ ಆ ತಮಾಷೆಯೊಳಗೆ ಅಡಗಿದೆ. ಹಾಗಿದ್ದೂ ಮೊದಲ ದಿನವೇ ಸುಮಾರು 38,000 ಜನ ಆ ರೈಲು ಹತ್ತಿದರು. ಹೆದರಿಕೆ ಮತ್ತು ಕುತೂಹಲ ಒಂದೇ ಟಿಕೆಟ್ಟಿನಲ್ಲಿ ಪ್ರಯಾಣ ಮಾಡಿದ ದಿನ ಅದು.

1890ರಲ್ಲಿ ಅದೇ ಊರಿನಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ಆಳದ ಸುರಂಗದಲ್ಲಿ ವಿದ್ಯುತ್ತಿನಿಂದ ಓಡುವ ರೈಲು ಬಂತು. ಹೊಗೆಯ ಕಾಟ ತಪ್ಪಿತು. ಆದರೆ ಕತ್ತಲೆಯಲ್ಲಿ ನೋಡುವುದೇನಿದೆ ಎಂದು ವಿನ್ಯಾಸಕಾರರು ಬೋಗಿಗಳಿಗೆ ಸರಿಯಾದ ಕಿಟಕಿಗಳನ್ನೇ ಇಡಲಿಲ್ಲ, ಮೇಲೆ ಸಣ್ಣ ಗಾಜಿನ ಪಟ್ಟಿಗಳನ್ನು ಬಿಟ್ಟರು. ನಿಲ್ದಾಣ ಯಾವುದೆಂದು ಒಳಗಿದ್ದವರಿಗೆ ತಿಳಿಯುತ್ತಿರಲಿಲ್ಲ. ಸಿಬ್ಬಂದಿ ಕೂಗಿ ಹೇಳಬೇಕಿತ್ತು. ಹುಚ್ಚಾಸ್ಪತ್ರೆಯ ಮೆತ್ತೆ ಹೊದಿಸಿದ ಕೋಣೆಗಳ ಹೆಸರನ್ನೇ ಜನ ಆ ಬೋಗಿಗಳಿಗೆ ಇಟ್ಟರು. ಮುಂದೆ ಬಂದ ಬೋಗಿಗಳಲ್ಲಿ ಕಿಟಕಿಗಳು ದೊಡ್ಡದಾದವು. ಹೊರಗೆ ಬರೀ ಕತ್ತಲೆಯಿದ್ದರೂ ಮನುಷ್ಯನಿಗೆ ಕಿಟಕಿ ಬೇಕು. ತಾನೆಲ್ಲಿದ್ದೇನೆ ಎಂದು ತಿಳಿದಿರಬೇಕು. ಇವತ್ತು ನಮ್ಮ ಮೆಟ್ರೋದಲ್ಲಿ ಕೇಳುವ ‘ಮುಂದಿನ ನಿಲ್ದಾಣ’ದ ಘೋಷಣೆ ದಾರಿ ತಿಳಿಸುವುದರ ಜೊತೆಗೆ ಧೈರ್ಯವನ್ನೂ ಹೇಳುತ್ತದೆ.

ಇದೇ ಕಾಲದಲ್ಲಿ ವೈದ್ಯರು ಈ ಬಗೆಯ ಭಯಗಳಿಗೆ ಹೆಸರಿಡತೊಡಗಿದ್ದರು. 1871ರಲ್ಲಿ ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಬಯಲು, ಚೌಕಗಳನ್ನು ದಾಟಲು ಹೆದರುವವರ ಸ್ಥಿತಿಯನ್ನು ಅಗೋರಫೋಬಿಯಾ ಎಂದು ಕರೆದ. 1879ರಲ್ಲಿ ಪ್ಯಾರಿಸ್ಸಿನ ಬೆಂಜಮಿನ್ ಬಾಲ್ ಮುಚ್ಚಿದ ಜಾಗಗಳ ಭಯಕ್ಕೆ ಕ್ಲಾಸ್ಟ್ರೋಫೋಬಿಯಾ ಎಂದು ಹೆಸರಿಟ್ಟ. ಎರಡೂ ಮಹಾನಗರಗಳ ಕೂಸುಗಳೇ. ವಿಪರೀತ ಗಾಬರಿಯಾದಾಗ ಉಸಿರಾಟ ಜೋರಾಗುತ್ತದೆ. ಹಾಗೆ ಜೋರಾಗಿ ಉಸಿರಾಡಿದ್ದರಿಂದಲೇ ತಲೆ ಸುತ್ತುತ್ತದೆ, ಬೆರಳು ಜುಮುಗುಟ್ಟುತ್ತದೆ. ಅದನ್ನೇ ಗಾಳಿಯಿಲ್ಲದ ಲಕ್ಷಣವೆಂದು ಮನಸ್ಸು ಓದಿಕೊಳ್ಳುತ್ತದೆ. ಕೊನೆಗೆ ಸುರಂಗಕ್ಕಿಂತ ಆ ಗಾಬರಿ ಮತ್ತೆ ಬಂದೀತೆಂಬ ಭಯವೇ ದೊಡ್ಡದಾಗುತ್ತದೆ. ಸ್ವಲ್ಪಸ್ವಲ್ಪವೇ ಎದುರಿಸಿ ಅಭ್ಯಾಸ ಮಾಡಿಕೊಳ್ಳುವುದು ಇದಕ್ಕೆ ಇಂದಿನ ಚಿಕಿತ್ಸೆಯ ಮುಖ್ಯ ದಾರಿ. ವೈದ್ಯರು ಹೇಳುವ ಮೊದಲೇ ಇದನ್ನು ತನ್ನ ಮೇಲೆ ಪ್ರಯೋಗಿಸಿದವನು ಕವಿ ಗಯಟೆ. ಎತ್ತರಕ್ಕೆ ಹೆದರುತ್ತಿದ್ದ ಆತ ವಿದ್ಯಾರ್ಥಿಯಾಗಿದ್ದಾಗ ಸ್ಟ್ರಾಸ್‌ಬರ್ಗಿನ ಚರ್ಚಿನ ಗೋಪುರವನ್ನು ಮತ್ತೆಮತ್ತೆ ಹತ್ತಿ ಭಯ ಕಳೆದುಕೊಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ಗುಲಾಬಿ ಮಾರ್ಗದ ಲಕ್ಕಸಂದ್ರ ನಿಲ್ದಾಣ ನಿಮ್ಹಾನ್ಸ್‌ಗೆ ಹತ್ತಿರವಿರುವುದು ಕಾಕತಾಳೀಯ. ಆದರೆ ಈ ಭಯಕ್ಕೆ ಸಹಾಯ ಕೇಳುವುದರಲ್ಲಿ ನಾಚಿಕೆಯಿಲ್ಲ ಎಂಬುದನ್ನು ಅದು ನೆನಪಿಸಲಿ.

ಹಾಗಾದರೆ ಭಯವೆಲ್ಲ ಬರೀ ಮನಸ್ಸಿನ ಆಟವೇ? ನೆಲದಡಿಯ ರೈಲುಗಳ ದುರಂತಗಳನ್ನು ನೋಡಿದರೆ ಹಾಗೆ ಹೇಳಲಾಗದು. 1903ರ ಆಗಸ್ಟ್ 10ರಂದು ಪ್ಯಾರಿಸ್ ಮೆಟ್ರೋದಲ್ಲಿ ಬೆಂಕಿಯ ಹೊಗೆಗೆ 84 ಜನ ಸತ್ತರು. ಹೆಚ್ಚಿನವರು ಸತ್ತದ್ದು ಕೂರಾನ್ ನಿಲ್ದಾಣದಲ್ಲಿ. ದೀಪಗಳು ಆರಿಹೋಗಿ, ಹೊರದಾರಿಯೇ ಇಲ್ಲದ ತುದಿಗೆ ಅವರು ಓಡಿದ್ದರು. 1943ರ ಮಾರ್ಚ್ 3ರಂದು ಲಂಡನ್ನಿನ ಬೆಥ್ನಲ್ ಗ್ರೀನ್‌ನಲ್ಲಿ 173 ಜನ ಸತ್ತರು. ಯುದ್ಧಕಾಲದಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ಅವರು ಇನ್ನೂ ಪೂರ್ಣಗೊಳ್ಳದ ಆ ನಿಲ್ದಾಣಕ್ಕೆ ಇಳಿಯುತ್ತಿದ್ದರು. ಅಂದು ಅಲ್ಲಿ ಬಾಂಬೇ ಬೀಳಲಿಲ್ಲ. ಇದ್ದ ಒಂದೇ ಬಾಗಿಲಿನ ಮಂದ ಬೆಳಕಿನ ಮೆಟ್ಟಿಲುಗಳಲ್ಲಿ, ನಡುವೆ ಹಿಡಿದುಕೊಳ್ಳಲು ಕಂಬಿಯಿಲ್ಲದೆ, ಒಬ್ಬರ ಮೇಲೊಬ್ಬರು ಬಿದ್ದು ಉಸಿರುಗಟ್ಟಿದರು. 1987ರ ನವೆಂಬರ್ 18ರಂದು ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರಿಗೆ ಬೆಂಕಿ ಹತ್ತಿ 31 ಜನ ಸತ್ತರು.

ಎರಡು ಊರು, ಮೂರು ಕಾಲ ಎನ್ನಬಹುದಾದರೂ ಮೂರರಲ್ಲೂ ಸುರಂಗ ಕುಸಿಯಲಿಲ್ಲ, ಭೂಮಿ ಬಾಯಿ ತೆರೆಯಲಿಲ್ಲ. ಕೊಂದದ್ದು ಮೆಟ್ಟಿಲು, ಬಾಗಿಲು, ದೀಪ, ಮರದ ಹಲಗೆ. ಅಂದರೆ ಮನುಷ್ಯ ಮಾಡಿದ, ಮನುಷ್ಯ ಸರಿಪಡಿಸಬಹುದಾಗಿದ್ದ ವಸ್ತುಗಳು. ಹೆದರುವ ಪ್ರಯಾಣಿಕ ಕತ್ತಲೆಯನ್ನು ನೋಡಿ ಹೆದರುತ್ತಾನೆ. ಅವನ ಮನಸ್ಸು ಒಳಗೊಳಗೇ ಕೇಳುತ್ತಿರುವ ಪ್ರಶ್ನೆ ಮಾತ್ರ ಸರಿಯಾದದ್ದೇ: ಹೊರಗೆ ಹೋಗುವ ದಾರಿ ಎಲ್ಲಿದೆ?

ಈ ಪ್ರಶ್ನೆಯನ್ನು ದಿನವೂ ಕೇಳಿಕೊಂಡೇ ಬದುಕಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಸುಮಾರು ಅರವತ್ತು ಅಡಿ ಆಳ ಅದರ ಮುಂದೆ ಬಾವಿಯ ಮೆಟ್ಟಿಲಿನಷ್ಟು. ಕಾದ ಬಂಡೆ, ಒತ್ತಡಕ್ಕೆ ಸಿಡಿಯುವ ಕಲ್ಲು, ಪಾಳಿಗೊಮ್ಮೆ ಇಳಿಯುವ ಪಂಜರ. ಅಲ್ಲಿ ಧೈರ್ಯವೊಂದರಿಂದ ಕೆಲಸ ನಡೆಯುತ್ತಿರಲಿಲ್ಲ; ಬಂಡೆಯ ಸದ್ದನ್ನು ಕಿವಿಗೊಟ್ಟು ಕೇಳುವ ವಿದ್ಯೆಯೂ ಬೇಕಿತ್ತು. ಬಂಡೆಯ ಒತ್ತಡ, ಸಿಡಿತಗಳನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೆಜಿಎಫ್‌ನಲ್ಲೇ. ಭಯ ಅಲ್ಲಿ ಶಾಸ್ತ್ರವಾಯಿತು ಎನ್ನಬಹುದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಅಲ್ಲಿನ ಸಾವಿರಾರು ಜನ ದಿನವೂ ಮಾರಿಕುಪ್ಪಂ ಕಡೆಯಿಂದ ರೈಲು ಹತ್ತಿ ಕೆ.ಆರ್. ಪುರ, ಕಂಟೋನ್ಮೆಂಟ್‌ಗಳಲ್ಲಿ ಇಳಿದು ಕೆಲಸಕ್ಕೆ ಹೋಗುತ್ತಾರೆ. 1864ರಲ್ಲಿ ಬೆಂಗಳೂರಿಗೆ ಮೊದಲ ರೈಲು ಬಂದದ್ದೂ ಜೋಲಾರ್‌ಪೇಟೆಯಿಂದ ಇದೇ ಕಂಟೋನ್ಮೆಂಟಿಗೆ. ಈಗ ಆ ಹೆಸರಿನ ಇನ್ನೊಂದು ನಿಲ್ದಾಣ ನೆಲದಡಿಯಲ್ಲಿದೆ.

ಬೆಂಗಳೂರಿನವರು ಮೊದಲ ಬಾರಿಗೆ ನೆಲದಡಿಯ ರೈಲಿನಲ್ಲಿ ಕೂತದ್ದು 2016ರ ಏಪ್ರಿಲ್ ಕೊನೆಯಲ್ಲಿ. ನೇರಳೆ ಮಾರ್ಗದ ಕಬ್ಬನ್ ಪಾರ್ಕ್‌ನಿಂದ ಸಿಟಿ ರೈಲ್ವೆ ನಿಲ್ದಾಣದವರೆಗಿನ ಐದು ನಿಲ್ದಾಣಗಳು ದಕ್ಷಿಣ ಭಾರತದ ಮೊದಲ ಭೂಗತ ಮೆಟ್ರೋ ನಿಲ್ದಾಣಗಳು. ನಡುವಿನ ಮೆಜೆಸ್ಟಿಕ್, ಹಿಂದೆ ಧರ್ಮಾಂಬುಧಿ ಕೆರೆ ಇದ್ದ ಜಾಗ. ಕೆರೆಗಳನ್ನು ಮುಚ್ಚಿ, ಬಾವಿಗಳನ್ನು ಮರೆತು ಬೆಳೆದ ಊರು ನಮ್ಮದು. ಒಂದೆಡೆ ಗಟ್ಟಿ ಬಂಡೆ, ಪಕ್ಕದಲ್ಲೇ ಪುಡಿಯಾದ ಮಣ್ಣು, ನಡುವೆ ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಬಾವಿ. ಇಂಥ ನೆಲದಲ್ಲಿ ಗುಲಾಬಿ ಮಾರ್ಗಕ್ಕಾಗಿ ಊರ್ಜಾ, ವಿಂಧ್ಯಾ, ತುಂಗಾ, ಭದ್ರಾ ಮೊದಲಾದ ಹೆಸರಿನ ಒಂಬತ್ತು ಯಂತ್ರಗಳು ಕೊರೆದವು. 2021ರ ಸೆಪ್ಟೆಂಬರಿನಲ್ಲಿ ಊರ್ಜಾ ಕಂಟೋನ್ಮೆಂಟ್ ಕಡೆಯಿಂದ ಶಿವಾಜಿನಗರ ತಲುಪಿತು. 2024ರ ಅಕ್ಟೋಬರ್ 30ರಂದು ಭದ್ರಾ ನಾಗವಾರದಲ್ಲಿ ಹೊರಬಂದಾಗ ಇಡೀ ಮಾರ್ಗದ ಕೊರೆತ ಮುಗಿಯಿತು.

ಆ ವರ್ಷಗಳಲ್ಲಿ ಇನ್ನೊಂದು ಬಗೆಯ ಭಯವೂ ಇತ್ತು. ಅದು ಪ್ರಯಾಣಿಕರದ್ದಲ್ಲ, ಸುರಂಗದ ಮೇಲೆ ಮನೆಯಿರುವವರದ್ದು. 2019ರ ಆಗಸ್ಟ್ 31ರಂದು ಕೋಲ್ಕತ್ತಾದ ಬವ್‌ಬಜಾರಿನಲ್ಲಿ ಕೊರೆಯುವ ಯಂತ್ರ ಅಂತರ್ಜಲಕ್ಕೆ ತಗುಲಿ ಮೇಲಿನ ಹಳೆಯ ಮನೆಗಳು ಕುಸಿದದ್ದು ಎಲ್ಲರಿಗೂ ಗೊತ್ತಿತ್ತು. ಅಜ್ಜ ಕಟ್ಟಿಸಿದ ಗೋಡೆಯ ಬಿರುಕು ಮೊದಲೇ ಇತ್ತೋ, ಈಗ ಬಂತೋ? ಈ ಪ್ರಶ್ನೆ ಕೇಳುವವರನ್ನು ಅಭಿವೃದ್ಧಿಗೆ ಅಡ್ಡಗಾಲು ಹಾಕುವವರೆಂದು ಕಾಣುವುದು ಸುಲಭ. ರೈಲಿನೊಳಗೆ ಹೆದರುವವನನ್ನು ಪುಕ್ಕಲ ಎನ್ನುತ್ತೇವೆ, ಮನೆಯೊಳಗೆ ಹೆದರುವವನನ್ನು ತಕರಾರಿನವನು ಎನ್ನುತ್ತೇವೆ. ಎರಡೂ ಕಡೆ ಭಯವನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವ ಉಪಾಯ ಇದು.

2023ರ ಜನವರಿ 10 ಈ ಭಾಗದವರು ಮರೆಯಲಾಗದ ದಿನ. ಲಂಡನ್ನಿನ ಮೊದಲ ರೈಲಿಗೆ ಅಂದಿಗೆ ಸರಿಯಾಗಿ ನೂರಾ ಅರವತ್ತು ವರ್ಷ. ನಾಗವಾರದ ಬಳಿ ಹೊರವರ್ತುಲ ರಸ್ತೆಯಲ್ಲಿ, ಕಮ್ಮನಹಳ್ಳಿಯಿಂದ ದೂರವೇನಲ್ಲ, ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋ ಮಾರ್ಗದ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಪಂಜರ ವಾಲಿ ದ್ವಿಚಕ್ರ ವಾಹನವೊಂದರ ಮೇಲೆ ಬಿತ್ತು. ತಾಯಿಯೂ ಪುಟ್ಟ ಮಗನೂ ತೀರಿಕೊಂಡರು. ಎರಡು ದಿನಗಳ ನಂತರ ಬ್ರಿಗೇಡ್ ರಸ್ತೆಯಲ್ಲಿ ಹಠಾತ್ತನೆ ನೆಲ ಕುಸಿದು ಗುಂಡಿ ಬಿತ್ತು. ಅದರ ಕೆಳಗೆ ಇದೇ ಗುಲಾಬಿ ಮಾರ್ಗದ ಸುರಂಗ. ಹೈಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು.

ನೆಲದಡಿಯ ರೈಲು ಬೇಡ, ಮೇಲಿನದ್ದೇ ಕ್ಷೇಮ ಎನ್ನುತ್ತಿದ್ದ ಊರಿನಲ್ಲಿ ಸಾವು ಬಂದದ್ದು ಮೇಲಿನಿಂದ, ಹಾಡುಹಗಲು, ತೆರೆದ ರಸ್ತೆಯಲ್ಲಿ. ಅವರು ಯಾವ ರೈಲನ್ನೂ ಹತ್ತಿರಲಿಲ್ಲ. ಕೂರಾನ್‌ನ ಬಾಗಿಲು, ಬೆಥ್ನಲ್ ಗ್ರೀನ್‌ನ ಮೆಟ್ಟಿಲು, ಕಿಂಗ್ಸ್ ಕ್ರಾಸ್‌ನ ಹಲಗೆಗಳ ಸಾಲಿಗೆ ನಮ್ಮ ಹೊರವರ್ತುಲ ರಸ್ತೆಯ ಕಬ್ಬಿಣದ ಪಂಜರವೂ ಸೇರಿತು. ಎಲ್ಲವೂ ಕಣ್ಣಿಗೆ ಕಾಣುವ, ಯಾರೋ ಒಬ್ಬರು ಪರೀಕ್ಷಿಸಿ ನೋಡಬೇಕಾಗಿದ್ದ ವಸ್ತುಗಳು.

ಹಾಗೆಂದು ಕಿಟಕಿ ಕಪ್ಪಾದಾಗ ಕಣ್ಣು ಮುಚ್ಚುವವರಿಗೆ, ನಿಮ್ಮ ಭಯ ಸುಳ್ಳು ಎಂದು ಹೇಳಿ ಪ್ರಯೋಜನವಿಲ್ಲ. ವೆಂಕಟೇಶಪುರದ ಮೆಟ್ಟಿಲ ಬಳಿ ನಿಂತು, ಇಳಿಯಲೋ ಬೇಡವೋ ಎಂದು ಯೋಚಿಸುವವರು ಗಯಟೆಯಂತೆ ಒಂದೊಂದೇ ನಿಲ್ದಾಣ ಅಭ್ಯಾಸ ಮಾಡಿಕೊಳ್ಳಬಹುದು. ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು. ಅವರ ಮನಸ್ಸಿನ ಪ್ರಶ್ನೆಗಳನ್ನು ಮಾತ್ರ ನಾವೆಲ್ಲರೂ ಎರವಲು ಪಡೆಯಬೇಕು. ಹೊರದಾರಿಗಳು ಎಷ್ಟು? ಕರೆಂಟು ಹೋದರೆ ಯಾವ ದೀಪ ಉರಿಯುತ್ತದೆ? ರೈಲು ನಡುವೆ ನಿಂತರೆ ನಮಗೆ ಯಾರು ಹೇಳುತ್ತಾರೆ, ಕನ್ನಡದಲ್ಲಿ ಹೇಳುತ್ತಾರೆಯೇ? ಕಂಬಕ್ಕೆ ಆಸರೆ ಕಟ್ಟಿದ್ದನ್ನು ಯಾರು ನೋಡಿದರು, ಯಾರು ಸಹಿ ಹಾಕಿದರು? ಪ್ಯಾರಿಸ್, ಲಂಡನ್‌ಗಳಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ದೊರಕಿದ್ದು ಜನ ಸತ್ತ ಮೇಲೆ. ಗಣಿಯವರು ಬಂಡೆ ಸಿಡಿಯುವ ಮೊದಲೇ ಕಿವಿಗೊಡಲು ಕಲಿತಿದ್ದರು. ಹೆದರುವವರ ಮಾತಿಗೂ ನಾವು ಹಾಗೆ ಕಿವಿಗೊಟ್ಟರೆ ನಗರಕ್ಕೆ ನಷ್ಟವೇನೂ ಇಲ್ಲ.